‘ಬೋರಿಗೆ ಬಂದಿದೆ’ ಅಂದರು, ಎಂಜಿನ್ ನಾವೇ ಬಿಚ್ಚಬಹುದೇ?

“ಬೋರಿಗೆ ಬಂದಿದೆ ಸಾರ್, ಎಂಜಿನ್ ಇಳಿಸಲೇಬೇಕು.” ಹಳೇ ಮಾರುತಿ 800 ಇಟ್ಟುಕೊಂಡವರಲ್ಲಿ ಈ ಮಾತು ಕೇಳದವರು ಅಪರೂಪ. ಬೋರ್ ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ಸಿಲಿಂಡರಿನ ತೂತು. ಅದರ ಗೋಡೆ ಸವೆದಿದೆ, ಕೊರೆದು ಸರಿಮಾಡಬೇಕು ಎನ್ನುವುದು ಈ ಮಾತಿನ ಅರ್ಥ. ಸೈಲೆನ್ಸರಿನಲ್ಲಿ ನೀಲಿ ಹೊಗೆ, ಡಿಪ್‌ಸ್ಟಿಕ್ ಎಳೆದಾಗಲೆಲ್ಲ ಕೆಳಗಿಳಿದಿರುವ ಆಯಿಲ್, ಏರಿನಲ್ಲಿ ಸೆಕೆಂಡ್ ಗೇರಿಗೂ ಏದುಸಿರು ಬಿಡುವ ಗಾಡಿ. ಮೆಕ್ಯಾನಿಕ್ ಬಾನೆಟ್ ಎತ್ತುತ್ತಾರೆ, ಆಯಿಲ್ ಮುಚ್ಚಳ ತೆಗೆದು ಅಲ್ಲಿಂದ ಏಳುವ ಹೊಗೆ ನೋಡುತ್ತಾರೆ, ತೀರ್ಪು ಕೊಡುತ್ತಾರೆ. ಸ್ಪ್ಯಾನರ್ ಹಿಡಿದು ಸ್ವಲ್ಪ ಅಭ್ಯಾಸ ಇರುವವರ ತಲೆಗೆ ಆಗ ಹುಳ ಹೊಕ್ಕುತ್ತದೆ: ಇದನ್ನು ನಾನೇ ಮಾಡಿದರೆ ಹೇಗೆ?

ಮಾಡಬಹುದು. ಆದರೆ ದುಡ್ಡು ಉಳಿಸುವುದಕ್ಕೆ ಅಂತ ಹೊರಡುವುದಾದರೆ ಬೇಡ.

ಯೂಟ್ಯೂಬಿನಲ್ಲಿ ಎಂಜಿನ್ ಬಿಚ್ಚಿ ಕಟ್ಟುವ ವಿಡಿಯೊಗಳು ಹೆಚ್ಚಾಗಿ ಅಮೆರಿಕದವು, ಇಲ್ಲವೇ ಬ್ರಿಟನ್ನಿನವು. ಅಲ್ಲಿ ಮೆಕ್ಯಾನಿಕ್ಕಿನ ಗಂಟೆ ಲೆಕ್ಕದ ಕೂಲಿಯೇ ಬಿಲ್ಲಿನ ದೊಡ್ಡ ಪಾಲು. ತಾವೇ ಮಾಡಿಕೊಂಡರೆ ಅಷ್ಟೂ ಉಳಿಯಿತು ಎನ್ನುವ ಲೆಕ್ಕ ಅವರಿಗೆ ಸರಿ. ನಮ್ಮಲ್ಲಿ ಅದು ತಿರುಗಮುರುಗ. ಬಿಲ್ಲನ್ನು ಮೂರು ಪಾಲು ಮಾಡಿ ನೋಡಿ: ಬಿಡಿಭಾಗಗಳು, ಯಂತ್ರದಲ್ಲಿ ಲೋಹ ಕೊರೆದು ಉಜ್ಜಿ ಕೊಡುವ ಲೇತ್ ಅಂಗಡಿಯ ಕೆಲಸ, ಮೆಕ್ಯಾನಿಕ್ಕಿನ ಕೂಲಿ. ಪಿಸ್ಟನ್, ಅದರ ಸುತ್ತ ಕೂತು ಸಂದಿ ಮುಚ್ಚುವ ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಸೆಟ್ ಯಾರು ಕೊಂಡರೂ ದರ ಒಂದೇ. ಖಾಯಂ ಗಿರಾಕಿಯಾದ ಮೆಕ್ಯಾನಿಕ್ಕಿಗೆ ಸ್ವಲ್ಪ ಕಡಿಮೆಗೂ ಸಿಕ್ಕೀತು. ಬೋರ್ ಮಾಡುವ ಯಂತ್ರ ಯಾರ ಮನೆಯಲ್ಲೂ ಇರುವುದಿಲ್ಲ. ಉಳಿಯುವುದು ಮೂರನೇ ಪಾಲು ಮಾತ್ರ, ಅದು ಮೂರರಲ್ಲಿ ಚಿಕ್ಕದು. ಟಾರ್ಕ್ ವ್ರೆಂಚ್, ಕಂಪ್ರೆಶನ್ ಗೇಜ್, ರಿಂಗ್ ಕಂಪ್ರೆಸರ್, ವಾಲ್ವ್ ಸ್ಪ್ರಿಂಗ್ ಒತ್ತುವ ಕ್ಲಾಂಪ್ ಎಲ್ಲ ಕೊಳ್ಳುವ ಹೊತ್ತಿಗೆ ಅದೂ ಖಾಲಿ.

ಹಾಗಾದರೆ ಸಿಗುವುದೇನು? ಒಳಗೆ ಏನಾಗಿದೆ, ಏನು ಮಾಡಲಾಗಿದೆ ಎನ್ನುವ ಖಾತ್ರಿ. ಎಂಜಿನ್ ಕೆಲಸದ ಒಳ್ಳೆಯದು ಕೆಟ್ಟದ್ದೆಲ್ಲ ಮುಚ್ಚಿಹೋಗುವ ಜಾಗದಲ್ಲಿರುತ್ತದೆ. ಬೋರ್ ಅಳೆದರೋ ಕಣ್ಣಂದಾಜೋ, ಬ್ಲಾಕನ್ನು ಸರಿಯಾಗಿ ತೊಳೆದರೋ ಇಲ್ಲವೋ, ಬೇರಿಂಗ್ ಬೋಲ್ಟನ್ನು ಅಳತೆಯಿಂದ ಬಿಗಿದರೋ ಕೈಯ ಅಂದಾಜಿನಿಂದಲೋ, ಇವು ಯಾವುವೂ ಎಂಜಿನ್ ಮತ್ತೆ ಕೂತ ಮೇಲೆ ಕಾಣುವುದಿಲ್ಲ. 20,000 ಕಿ.ಮೀ. ಆದ ಮೇಲೆ ಗೊತ್ತಾಗುತ್ತದೆ. ಆ ಖಾತ್ರಿಗೆ ಎಷ್ಟು ಭಾನುವಾರ ಕೊಡಲು ತಯಾರಿದ್ದೀರಿ, ಈ ನಿರ್ಧಾರ ನಿಂತಿರುವುದು ಅದರ ಮೇಲೆ.

ಮೊದಲ ಸಲಕ್ಕೆ 800ರ ಎಂಜಿನ್‌ಗಿಂತ ಒಳ್ಳೆಯದು ನಮ್ಮ ರಸ್ತೆಯಲ್ಲಿ ಇಲ್ಲ ಅಂತ ನನ್ನ ಅಭಿಪ್ರಾಯ. 1983ರ ಡಿಸೆಂಬರಿನಿಂದ 2014ರ ಜನವರಿಯವರೆಗೆ ಈ ಕಾರು ತಯಾರಾಯಿತು. ಅದರ ಎಂಜಿನ್‌ಗೆ ಸುಜುಕಿ ಇಟ್ಟ ಹೆಸರು ಎಫ್8ಬಿ. ಮೂರು ಸಿಲಿಂಡರು, ಒಂದೊಂದಕ್ಕೆ ಎರಡು ವಾಲ್ವು, ಸಿಲಿಂಡರುಗಳಿರುವ ಬೀಡುಕಬ್ಬಿಣದ ಬ್ಲಾಕು, ಅದನ್ನು ಮೇಲಿಂದ ಮುಚ್ಚುವ, ವಾಲ್ವುಗಳಿರುವ ಅಲ್ಯೂಮಿನಿಯಂ ಹೆಡ್ಡು, ಹೆಡ್ಡಿನ ಮೇಲೆ ವಾಲ್ವು ತೆರೆಯುವ ಒಂದು ಕ್ಯಾಮ್, ಅದನ್ನು ತಿರುಗಿಸಲು ರಬ್ಬರ್ ಬೆಲ್ಟು. ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ., ಒಟ್ಟು 796 ಸಿಸಿ. ಇದೇ ಎಂಜಿನ್ ಆಮ್ನಿಯಲ್ಲೂ ಇತ್ತು. ಬಿಡಿಭಾಗ ತಾಲೂಕು ಕೇಂದ್ರದಲ್ಲೂ ಸಿಗುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಂತೂ ಕೇಳುವುದೇ ಬೇಡ. ಗೇರ್‌ಬಾಕ್ಸ್ ಬಿಡಿಸಿದ ಮೇಲೆ ಬ್ಲಾಕನ್ನು ಇಬ್ಬರು ಎತ್ತಿ ಮೇಜಿನ ಮೇಲಿಡಬಹುದು. ಹಾಗಾಗಿ ಕಾರ್ಬೊರೇಟರಿನ 800 ಅನ್ನೇ ಇಟ್ಟುಕೊಂಡು ಮಾತಾಡೋಣ.

ಬಿಚ್ಚುವ ಮೊದಲು ಕೇಳಿಸಿಕೊಳ್ಳಿ

ಹೊಗೆ ಬಂದ ಎಂಜಿನ್ ಎಲ್ಲವೂ ಬೋರಿಗೆ ಬಂದಿರುವುದಿಲ್ಲ. ಇಡೀ ನಿರ್ಧಾರ ದಾರಿ ತಪ್ಪುವುದು ಇಲ್ಲೇ, ಅದಕ್ಕೇ ಸ್ವಲ್ಪ ಹೊತ್ತು ಇಲ್ಲಿ ನಿಲ್ಲಬೇಕು.

ಹೊಗೆ ಯಾವಾಗ ಬರುತ್ತದೆ ಎನ್ನುವುದು ಅದರ ಬಣ್ಣಕ್ಕಿಂತ ಹೆಚ್ಚು ಹೇಳುತ್ತದೆ. ರಾತ್ರಿಯೆಲ್ಲ ನಿಂತಿದ್ದ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಕಾರಿ, ಒಂದೆರಡು ನಿಮಿಷಕ್ಕೆ ನಿಲ್ಲಿಸಿದರೆ ಅನುಮಾನ ವಾಲ್ವ್ ಸೀಲುಗಳ ಮೇಲೆ. ರಾತ್ರಿ ಹೆಡ್ಡಿನಲ್ಲಿದ್ದ ಆಯಿಲ್ ಒಣಗಿ ಗಟ್ಟಿಯಾದ ರಬ್ಬರ್ ಸೀಲಿನ ಸಂದಿಯಿಂದ ಇಳಿದು ಕೂತಿರುತ್ತದೆ. ಚಾರ್ಮಾಡಿ ಘಾಟಿಯನ್ನು ಎಂಜಿನ್ ಬ್ರೇಕಿನಲ್ಲಿ ಇಳಿದು, ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದ ತಕ್ಷಣ ಹಿಂದಿನ ಬೈಕಿನವನು ಕಾಣದಷ್ಟು ಹೊಗೆ ಎದ್ದರೂ ಅದೇ ಕಥೆ: ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇನ್‌ಲೆಟ್ ಕಡೆ ನಿರ್ವಾತ ಜೋರಾಗಿರುತ್ತದೆ, ಅದು ವಾಲ್ವ್ ಗೈಡಿನ ಸಂದಿಯಿಂದ ಆಯಿಲ್ ಹೀರಿಕೊಳ್ಳುತ್ತದೆ. ಇದಕ್ಕೆ ಹೆಡ್ ಬಿಚ್ಚಿದರೆ ಸಾಕು, ಬ್ಲಾಕ್ ಮುಟ್ಟಬೇಕಿಲ್ಲ. ಅದೇ ಘಾಟಿಯನ್ನು ಹತ್ತುವಾಗ, ಎಂಜಿನ್ ಮೇಲೆ ಭಾರ ಬಿದ್ದಷ್ಟೂ ಹೊಗೆ ಹೆಚ್ಚುತ್ತಾ ಹೋದರೆ ಆಗ ರಿಂಗು, ಬೋರಿನ ಮಾತು. ಬಿಳಿ ಹೊಗೆ ಬರುತ್ತಾ ರೇಡಿಯೇಟರಿನ ನೀರು ಕಡಿಮೆಯಾದರೆ ಹೆಡ್ ಗ್ಯಾಸ್ಕೆಟ್. ಕಪ್ಪು ಹೊಗೆಯಾದರೆ ಕಾರ್ಬೊರೇಟರ್ ನೋಡಿ, ಎಂಜಿನ್ ತಂಟೆಗೇ ಹೋಗಬೇಡಿ.

ಆಯಿಲ್ ಮುಚ್ಚಳದಿಂದ ಹೊಗೆ ಬಂದರೆ ರಿಂಗ್ ಹೋಗಿದೆ ಎನ್ನುವುದೂ ಅರ್ಧ ಸತ್ಯ. ಕ್ರ್ಯಾಂಕ್‌ಕೇಸಿನ ಉಸಿರಾಟದ ಪೈಪು, ಅದರ ವಾಲ್ವು ಕಟ್ಟಿಕೊಂಡಿದ್ದರೂ ಒಳಗಿನ ಒತ್ತಡ ಅಲ್ಲಿಂದಲೇ ಹೊರಬರುತ್ತದೆ. ಮೊದಲು ಆ ಪೈಪ್ ಬಿಚ್ಚಿ ಊದಿ ನೋಡಿ. ಕೆಲವರ ಎಂಜಿನ್ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಆಮೇಲೆ ಕಂಪ್ರೆಶನ್ ಪರೀಕ್ಷೆ. ಗೇಜ್ ದುಬಾರಿಯಲ್ಲ, ಎಸ್.ಜೆ.ಪಿ. ರಸ್ತೆಯ ಟೂಲ್ ಅಂಗಡಿಗಳಲ್ಲಿ ಸಿಗುತ್ತದೆ. ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ತುಂಬಿರಬೇಕು, ಮೂರೂ ಪ್ಲಗ್ ಹೊರಗೆ ತೆಗೆದಿರಬೇಕು, ಇಗ್ನಿಷನ್ ಕಾಯಿಲಿನ ವೈರ್ ಬಿಡಿಸಿರಬೇಕು, ಇನ್ನೊಬ್ಬರು ಒಳಗೆ ಕೂತು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಥ್ರಾಟಲ್ ಮುಚ್ಚಿಕೊಂಡು ಅಳೆದರೆ ಒಳ್ಳೆಯ ಎಂಜಿನ್ನೂ ಸತ್ತಂತೆ ಕಾಣುತ್ತದೆ. ಮೂರು ಸಿಲಿಂಡರಿನ ಅಂಕಿ ಬರೆದುಕೊಳ್ಳಿ. ಒಟ್ಟು ಎಷ್ಟಿದೆ ಎನ್ನುವುದರಷ್ಟೇ ಮುಖ್ಯ, ಮೂರರ ನಡುವೆ ಅಂತರ ಎಷ್ಟು ಎನ್ನುವುದು. ಶೇಕಡಾ 10ರೊಳಗಿದ್ದರೆ ಸವೆತ ಸಮನಾಗಿದೆ ಅಂತ. ಒಂದು ಮಾತ್ರ ಕೆಳಗಿದ್ದರೆ ಅಲ್ಲೇನೋ ಬೇರೆ ಆಗಿದೆ.

ಕೆಳಗಿರುವ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಜಿಗಿದರೆ ಆಯಿಲ್ ರಿಂಗಿನ ಸುತ್ತ ಸಂದಿ ಮುಚ್ಚಿತು ಎಂದರ್ಥ, ಅಂದರೆ ರಿಂಗು ಅಥವಾ ಬೋರ್ ಸವೆದಿದೆ. ಅಲ್ಲಾಡದೆ ಹಾಗೇ ನಿಂತರೆ ಸೋರಿಕೆ ಮೇಲಿದೆ, ವಾಲ್ವಿನಲ್ಲೋ ಹೆಡ್ ಗ್ಯಾಸ್ಕೆಟ್ಟಿನಲ್ಲೋ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತಿರವಿದ್ದರೆ ಇನ್ನೂ ಸ್ಪಷ್ಟ ಉತ್ತರ ಸಿಗುತ್ತದೆ. ಆ ಸಿಲಿಂಡರನ್ನು ಎರಡೂ ವಾಲ್ವ್ ಮುಚ್ಚಿರುವ ಜಾಗಕ್ಕೆ ತಂದು, ಗೇರ್ ಹಾಕಿ ಹ್ಯಾಂಡ್‌ಬ್ರೇಕ್ ಎಳೆದು, ಪ್ಲಗ್ಗಿನ ತೂತಿನಿಂದ ಗಾಳಿ ಬಿಡಿ. ಸುಯ್ ಅನ್ನುವ ಸದ್ದು ಸೈಲೆನ್ಸರಿನಿಂದ ಬಂದರೆ ಎಕ್ಸಾಸ್ಟ್ ವಾಲ್ವು, ಕಾರ್ಬೊರೇಟರಿನಿಂದ ಬಂದರೆ ಇನ್‌ಲೆಟ್ ವಾಲ್ವು, ಆಯಿಲ್ ಮುಚ್ಚಳದಿಂದ ಬಂದರೆ ರಿಂಗು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ಟು.

ಕೊನೆಗೆ ಸದ್ದು. ವಾಲ್ವನ್ನು ಒತ್ತುವ ಟ್ಯಾಪೆಟ್ಟಿನ ಟಿಕ್ ಟಿಕ್‌ಗೆ ಹೆದರಬೇಕಿಲ್ಲ, ಸಂದಿ ಅಳೆಯುವ ತೆಳು ತಗಡುಗಳ ಫೀಲರ್ ಗೇಜಿನಿಂದ ಸರಿಮಾಡಬಹುದು. ಕೆಳಗಿನಿಂದ, ಭಾರ ಬಿದ್ದಾಗ ಬರುವ ದಪ್ಪ ಕಟ ಕಟ ಬೇರಿಂಗಿನದು. ಎಂಜಿನ್ ನಡೆಯುತ್ತಿರುವಾಗ ಒಂದೊಂದೇ ಪ್ಲಗ್ಗಿನ ಕರೆಂಟ್ ತಪ್ಪಿಸಿ. ಯಾವುದನ್ನು ತಪ್ಪಿಸಿದಾಗ ಸದ್ದು ತಗ್ಗುತ್ತದೋ ಆ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದೆ. ಜೊತೆಗೆ ಬಿಸಿ ಎಂಜಿನ್ ಐಡಲಿನಲ್ಲಿದ್ದಾಗ ಆಯಿಲ್ ದೀಪ ಮಿನುಗುತ್ತಿದ್ದರೆ ಕ್ರ್ಯಾಂಕ್ ಹೊರಗೆ ಬರಲೇಬೇಕು. ಇದು ಬರೀ ಹೆಡ್ ಬಿಚ್ಚುವ ಟಾಪ್ ಕೆಲಸದಲ್ಲಿ ಮುಗಿಯುವ ರೋಗವಲ್ಲ, ಇಂಥ ಗಾಡಿಯನ್ನು ಓಡಿಸುತ್ತಾ ಯೋಚಿಸುತ್ತಾ ಇರುವಂತೆಯೂ ಇಲ್ಲ.

ಎಂಜಿನ್ ಬಿಟ್ಟು ಉಳಿದ ಕಾರು

ಪರೀಕ್ಷೆಯಲ್ಲಿ ಪೂರ್ತಿ ಕೆಲಸ ಬೇಕು ಅಂತಲೇ ಬಂತು ಅನ್ನಿ. ಈಗ ಕಾರಿನ ಕೆಳಗೆ ಟಾರ್ಚ್ ಹಿಡಿದು ತೂರಬೇಕು. 800ಕ್ಕೆ ಸಾವು ಬರುವುದು ಎಂಜಿನ್‌ನಿಂದಲ್ಲ, ತುಕ್ಕಿನಿಂದ. ಕಾಲಿಡುವ ತಳ, ಬಾಗಿಲ ಕೆಳಗಿನ ಪಟ್ಟಿ, ಮುಂದಿನ ಸಸ್ಪೆನ್ಷನ್ ಕೂರುವ ಜಾಗ, ಇಲ್ಲೆಲ್ಲ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಎರಡು ಸಲ ತಟ್ಟಿ. ಸಸ್ಪೆನ್ಷನ್ ಹಿಡಿದ ತಗಡೇ ಪುಡಿಯಾಗುತ್ತಿದ್ದರೆ ಹೊಸ ಎಂಜಿನ್ ಹಾಕುವುದು ದಂಡ.

ಕಾಗದಪತ್ರದ ಲೆಕ್ಕವೂ ಇದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲಿನಲ್ಲಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟಿನ ತಿದ್ದುಪಡಿಯಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದು 10,000 ಆಯಿತು. ಕಾರ್ಬೊರೇಟರಿನ 800 ಯಾವುದೇ ಇರಲಿ, ಅದಕ್ಕೆ 20 ದಾಟಿದೆ. ದೆಹಲಿಯಲ್ಲಿ ಬಂದಂತೆ 15 ವರ್ಷದ ಪೆಟ್ರೋಲ್ ಕಾರು ರಸ್ತೆಗಿಳಿಯಬಾರದು ಎನ್ನುವ ನಿಯಮ ಕರ್ನಾಟಕದಲ್ಲಿಲ್ಲ, ಫಿಟ್ ಆಗಿದ್ದರೆ ಓಡಿಸಬಹುದು. ಆದರೆ ನವೀಕರಣಕ್ಕೆ ಇನ್ನು ಆರು ತಿಂಗಳು ಉಳಿದಿರುವಾಗ ಎಂಜಿನ್ ಬಿಚ್ಚುವುದಾದರೆ ಆ ಖರ್ಚನ್ನೂ ಈಗಲೇ ಚೀಟಿಯಲ್ಲಿ ಬರೆದುಕೊಳ್ಳಿ. ಎಲ್ಲ ಕೂಡಿದರೆ ಮೊತ್ತ ಕಾರಿನ ಮಾರಾಟದ ಬೆಲೆಯನ್ನು ಸುಲಭವಾಗಿ ದಾಟುತ್ತದೆ. ಅದು ಗೊತ್ತಿದ್ದೇ ಮಾಡುವವರು ಮಾಡುತ್ತಾರೆ, ಅಪ್ಪ ಕೊಂಡ ಮೊದಲ ಕಾರು ಅಂದಮೇಲೆ ಲೆಕ್ಕದ ಪುಸ್ತಕ ಮುಚ್ಚಿಡಬೇಕಾಗುತ್ತದೆ.

‘ಶಿವಾಜಿನಗರದಲ್ಲಿ ಗುಜರಿ ಎಂಜಿನ್ ಸಿಗುತ್ತೆ, ಎತ್ತಿ ಹಾಕಿಬಿಡಿ’ ಎನ್ನುವ ಸಲಹೆ ಖಂಡಿತ ಬರುತ್ತದೆ. ಬೇಗ ಆಗುವ ಕೆಲಸ, ನಿಜ. ಆದರೆ ಎಂಜಿನ್ ನಂಬರ್ ಬ್ಲಾಕಿನ ಮೇಲೆ ಕೊರೆದಿರುತ್ತದೆ, ಬ್ಲಾಕ್ ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು. ಅದಕ್ಕೆ ಆ ಎಂಜಿನ್ ಎಲ್ಲಿಂದ ಬಂತು ಎನ್ನುವ ದಾಖಲೆ ಬೇಕು. ದಾಖಲೆ ಇಲ್ಲದ ಎಂಜಿನ್ ಕದ್ದ ಗಾಡಿಯದ್ದಾಗಿದ್ದರೆ ತೊಂದರೆ ನಿಮ್ಮ ತಲೆಗೆ. ಅದರ ಒಳಗೆ ಸವೆತ ಎಷ್ಟಿದೆ ಎನ್ನುವುದೂ ದೇವರಿಗೇ ಗೊತ್ತು. ನಿಮ್ಮದೇ ಬ್ಲಾಕನ್ನು ಬೋರ್ ಮಾಡಿಸಿದರೆ ನಂಬರಿನ ತಂಟೆಯೇ ಇಲ್ಲ.

ಯಾವುದು ನಿಮ್ಮ ಕೆಲಸ, ಯಾವುದು ಲೇತ್ ಅಂಗಡಿಯದು

ಬಿಚ್ಚುವುದು, ಗುರುತು ಹಾಕುವುದು, ತೊಳೆಯುವುದು, ಅಳೆಯುವುದು, ಕಟ್ಟುವುದು ನಿಮ್ಮದು. ಬೋರಿಂಗ್, ಹೋನಿಂಗ್ (ಬೋರಿನ ಗೋಡೆಯನ್ನು ಕಲ್ಲಿನಿಂದ ಉಜ್ಜಿ ಸಣ್ಣ ಅಡ್ಡಗೀರು ಎಳೆಯುವುದು), ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್, ವಾಲ್ವ್ ಸೀಟ್ ಕಟಿಂಗ್ ಅಂಗಡಿಯದು. ಹೀಗಾಗಿ ‘ನಾನೇ ಮಾಡುತ್ತೇನೆ’ ಎನ್ನುವವನಿಗೂ ಒಬ್ಬ ಒಳ್ಳೆಯ ಲೇತ್ ಮೇಸ್ತ್ರಿ ಬೇಕೇ ಬೇಕು. ಊರಿನಲ್ಲಿ ಅಂಥವರು ಇಲ್ಲದಿದ್ದರೆ ಇಡೀ ಯೋಜನೆ ಕೈಬಿಡುವುದು ಒಳ್ಳೆಯದು. ಹುಡುಕುವುದಕ್ಕೆ ಒಂದು ಸುಲಭ ಪರೀಕ್ಷೆ: ಬ್ಲಾಕ್ ಒಯ್ದಿಟ್ಟಾಗ ‘ಪಿಸ್ಟನ್ ಎಲ್ಲಿ?’ ಅಂತ ಕೇಳುತ್ತಾರೋ ನೋಡಿ. ಬೋರ್ ಮಾಡುವುದು ಕೈಯಲ್ಲಿರುವ ಪಿಸ್ಟನ್ನಿನ ಅಳತೆಗೆ, ಪುಸ್ತಕದ ಅಳತೆಗಲ್ಲ. ಪಿಸ್ಟನ್ ಮತ್ತು ಗೋಡೆಯ ನಡುವೆ ಬಿಡುವ ಸಂದಿ ಮಿಲಿಮೀಟರಿನ ನೂರರಲ್ಲಿ ನಾಲ್ಕೈದು ಪಾಲು, ತಲೆಕೂದಲಿಗಿಂತ ತೆಳು. ಹಾಗಾಗಿ ಮೊದಲು ಪಿಸ್ಟನ್ ಸೆಟ್ ಕೊಂಡು, ಆಮೇಲೆ ಬೋರ್. ಪಿಸ್ಟನ್ ನೋಡದೇ ಬೋರ್ ಮಾಡಿಡುತ್ತೇನೆ ಎನ್ನುವವರಿಗೆ ನಮಸ್ಕಾರ ಹೇಳಿ ಬ್ಲಾಕ್ ಎತ್ತಿಕೊಂಡು ಬನ್ನಿ.

ಬೋರ್ ಬೇಕೋ, ಬರೀ ರಿಂಗ್ ಬದಲಿಸಿದರೆ ಸಾಕೋ ಎನ್ನುವುದನ್ನು ಅಳತೆ ಹೇಳಬೇಕು. ಸಿಲಿಂಡರ್ ಸಮವಾಗಿ ಸವೆಯುವುದಿಲ್ಲ. ಮೇಲಿನ ರಿಂಗ್ ಬಂದು ನಿಂತು ವಾಪಸಾಗುವ ಜಾಗದಲ್ಲಿ ಬಿಸಿ ಹೆಚ್ಚು, ಒತ್ತಡ ಹೆಚ್ಚು, ಆಯಿಲ್ ಕಡಿಮೆ. ಅಲ್ಲೇ ಹೆಚ್ಚು ಸವೆದಿರುತ್ತದೆ. ಕೆಳಗಿನ ಅಂಚಿನಲ್ಲಿ ಹೆಚ್ಚುಕಡಿಮೆ ಹೊಸದರ ಹಾಗೇ ಇರುತ್ತದೆ. ಇದನ್ನು ಅಳೆಯಲು ಬೋರ್ ಡಯಲ್ ಗೇಜ್ ಬೇಕು, ಅದು ಮನೆಯಲ್ಲಿ ಇರುವ ವಸ್ತುವಲ್ಲ. ಆದರೆ ಒಂದು ರಿಂಗು ಮತ್ತು ಫೀಲರ್ ಗೇಜಿನಲ್ಲೇ ಕೆಲಸ ಸಾಗಿಸುವ ಉಪಾಯವಿದೆ. ಪಿಸ್ಟನ್ನಿನಿಂದ ಬಿಡಿಸಿದ ರಿಂಗನ್ನು ಸಿಲಿಂಡರಿನೊಳಗೆ ಇಡಿ, ಪಿಸ್ಟನ್ ತಲೆಕೆಳಗು ಮಾಡಿ ಅದನ್ನು ಮಟ್ಟವಾಗಿ ಕೆಳಗಿನವರೆಗೆ ತಳ್ಳಿ, ರಿಂಗಿನ ಎರಡು ತುದಿಗಳ ನಡುವಿನ ಬಾಯಿಯನ್ನು ಫೀಲರ್ ಗೇಜಿನಲ್ಲಿ ಅಳೆಯಿರಿ. ಮತ್ತೆ ಅದೇ ರಿಂಗನ್ನು ಮೇಲಿನ ಅಂಚಿನ ಒಂದು ಬೆರಳು ಕೆಳಗೆ ನಿಲ್ಲಿಸಿ ಅಳೆಯಿರಿ. ಕೆಳಗೆ 0.30, ಮೇಲೆ 0.62 ಬಂತು ಅನ್ನಿ. ವ್ಯತ್ಯಾಸ 0.32. ಸುತ್ತಳತೆ ಹಿಗ್ಗಿದ್ದು ಅಷ್ಟು, ಹಾಗಾಗಿ 3.14ರಿಂದ ಭಾಗಿಸಿದರೆ ವ್ಯಾಸ ಹಿಗ್ಗಿದ್ದು ಸಿಗುತ್ತದೆ: ಸುಮಾರು 0.10 ಮಿ.ಮೀ. ಆ ಮಟ್ಟ ದಾಟಿದರೆ ಬೋರ್ ಮಾಡಿಸುವುದೇ ಸರಿ. ಅದಕ್ಕಿಂತ ಸಾಕಷ್ಟು ಕಡಿಮೆ ಇದ್ದು, ಗೋಡೆಯಲ್ಲಿ ಉಗುರಿಗೆ ಸಿಗುವ ಗೀರು ಇಲ್ಲದಿದ್ದರೆ ಹೋನ್ ಮಾಡಿಸಿ ಹೊಸ ರಿಂಗ್ ಹಾಕಿದರೆ ಸಾಕು. ಈ ಉಪಾಯಕ್ಕೆ ಸಿಲಿಂಡರ್ ಅಂಡಾಕಾರ ಆಗಿದೆಯೇ ಎನ್ನುವುದು ಗೊತ್ತಾಗುವುದಿಲ್ಲ, ಅದಕ್ಕೆ ಲೇತ್ ಅಂಗಡಿಯ ಗೇಜೇ ಬೇಕು. ಹೋಗುವ ಮುಂಚೆ ನಿಮ್ಮ ಅಂಕಿ ನಿಮ್ಮ ಕೈಯಲ್ಲಿದ್ದರೆ ಮಾತುಕತೆಯ ಧಾಟಿಯೇ ಬೇರೆಯಾಗುತ್ತದೆ.

ಅಳೆಯದೇ ‘ರಿಂಗ್ ಮಾತ್ರ ಹಾಕಿ ಕೊಡ್ತೀನಿ ಸಾರ್’ ಎನ್ನುವ ಅಗ್ಗದ ಕೆಲಸ ಯಾಕೆ ನಿಲ್ಲುವುದಿಲ್ಲ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ದುಂಡಗಿನ ಹೊಸ ರಿಂಗು ಅಂಡಾಕಾರದ ಗೋಡೆಗೆ ಪೂರ್ತಿ ಅಂಟುವುದಿಲ್ಲ. ಮೇಲಿನ ಅಂಚಿನಲ್ಲಿ ಸವೆಯದೆ ಉಳಿದ ದಡಿಗೆ ಹೊಸ ರಿಂಗಿನ ಚೂಪು ಅಂಚು ಬಡಿದರೆ ಮುರಿಯಲೂಬಹುದು. ಕೆಲವು ತಿಂಗಳಿಗೆ ಮತ್ತೆ ಅದೇ ಹೊಗೆ.

ಬೋರ್ ಮಾಡಿಸುವುದಾದರೆ 0.25 ಓವರ್‌ಸೈಜ್, ಅಂದರೆ ಮೂಲ ಅಳತೆಗಿಂತ 0.25 ಮಿ.ಮೀ. ದೊಡ್ಡದು, ಅಥವಾ 0.50. ಹಿಂದಿನ ಮಾಲೀಕರು ಈಗಾಗಲೇ 0.25 ಮಾಡಿಸಿದ್ದರೆ ಪಿಸ್ಟನ್ ತಲೆಯ ಮೇಲೆ ಆ ಅಂಕಿ ಇರುತ್ತದೆ, ಮಸಿ ಕೆರೆದು ನೋಡಿ. 0.50ಕ್ಕೆ ಹೋದರೆ 796 ಸಿಸಿ ಸುಮಾರು 808 ಆಗುತ್ತದೆ, ಪಿಕಪ್ಪಿನಲ್ಲಿ ಗೊತ್ತಾಗುವಷ್ಟೇನಲ್ಲ. 0.50 ಕೂಡ ಮುಗಿದಿದ್ದರೆ ಬ್ಲಾಕಿಗೆ ಸ್ಲೀವ್ (ಹೊಸ ಗೋಡೆಯಾಗುವ ಕೊಳವೆ) ಹೊಡೆಸಿ ಮತ್ತೆ ಸ್ಟ್ಯಾಂಡರ್ಡ್ ಅಳತೆಗೆ ತರಬಹುದು. ಹೆಡ್ಡನ್ನು ತಲೆಕೆಳಗಿಟ್ಟು, ಪ್ಲಗ್ ಹಾಕಿ, ವಾಲ್ವ್ ಮುಚ್ಚಿದ ಬಟ್ಟಲುಗಳಿಗೆ ಸೀಮೆಎಣ್ಣೆ ಹೊಯ್ದು ಸ್ವಲ್ಪ ಹೊತ್ತು ಬಿಡಿ. ಯಾವ ಪೋರ್ಟಿನಲ್ಲಿ ಒದ್ದೆ ಕಾಣಿಸುತ್ತದೋ ಆ ವಾಲ್ವಿಗೆ ಪೇಸ್ಟ್ ಹಚ್ಚಿ ಕೈಯಲ್ಲಿ ಉಜ್ಜುವ ಕೆಲಸ ಬಾಕಿ ಇದೆ. ಎಂಜಿನ್ ಒಮ್ಮೆ ಕಾದು ನಿಂತಿದ್ದ ಇತಿಹಾಸ ಇದ್ದರೆ ಹೆಡ್ಡಿನ ಮಟ್ಟ ನೋಡಿಸದೆ ಹಾಕಲೇಬೇಡಿ, ಅಲ್ಯೂಮಿನಿಯಂ ಬೇಗ ಬಾಗುತ್ತದೆ.

ಇನ್ನು ತೊಳೆಯುವ ವಿಷಯ. ಇದೊಂದಕ್ಕಾಗಿಯೇ ಎಂಜಿನ್ ನೀವೇ ಕಟ್ಟಬೇಕು ಅಂತ ನನಗನಿಸುವುದು. ಹೋನ್ ಮಾಡಿದ ಬೋರಿನಲ್ಲಿ ಕಲ್ಲಿನ ಪುಡಿ, ಕಬ್ಬಿಣದ ಪುಡಿ ಅಡ್ಡಗೀರುಗಳ ಒಳಗೆ ಕೂತಿರುತ್ತದೆ. ಗ್ಯಾರೇಜಿನಲ್ಲಿ ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆದು ಗಾಳಿ ಹೊಡೆದು ಮುಗಿಸುತ್ತಾರೆ. ನೋಡಲು ಪಳಪಳ. ಆದರೆ ಸೀಮೆಎಣ್ಣೆ ಗ್ರೀಸ್ ಕರಗಿಸುತ್ತದೆಯೇ ಹೊರತು ಆ ಪುಡಿಯನ್ನು ಎತ್ತುವುದಿಲ್ಲ. ಬಿಸಿನೀರು, ಸೋಪಿನ ಪುಡಿ, ಗಟ್ಟಿ ಬ್ರಷ್ ಹಿಡಿದು ಪ್ರತಿ ಬೋರನ್ನೂ ಪಾತ್ರೆ ತಿಕ್ಕಿದಂತೆ ತಿಕ್ಕಬೇಕು. ತೊಳೆದು ಒರೆಸಿ, ಬಿಳಿ ಪಂಚೆಯ ತುಂಡಿಗೆ ಎಂಜಿನ್ ಆಯಿಲ್ ಹಚ್ಚಿ ಒಳಗೆ ಒರೆಸಿದರೆ ಬಟ್ಟೆ ಬೂದು ಬಣ್ಣಕ್ಕೆ ತಿರುಗುತ್ತದೆ. ಅದೇ ಆ ಪುಡಿ. ಮತ್ತೆ ತಿಕ್ಕಿ. ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ನಿಲ್ಲಿಸಬಾರದು. ಆಯಿಲ್ ಹರಿಯುವ ಓಣಿಗಳಿಗೂ ಉದ್ದ ಬ್ರಷ್ ತೂರಿಸಬೇಕು, ಕ್ರ್ಯಾಂಕಿನ ಒಳಗಿನ ತೂತುಗಳಿಗೂ. ಮುಗಿದ ತಕ್ಷಣ ಆಯಿಲ್ ಸವರಿ ಪ್ಲಾಸ್ಟಿಕ್ ಹೊದಿಸಿ. ಮಳೆಗಾಲದಲ್ಲಿ ಒದ್ದೆ ಬೋರಿಗೆ ತುಕ್ಕು ಹಿಡಿಯಲು ಒಂದು ಗಂಟೆ ಸಾಕು. ಈ ಕೆಲಸಕ್ಕೆ ಅರ್ಧ ದಿನ ಹೋಗುತ್ತದೆ. ದಿನಕ್ಕೆ ನಾಲ್ಕು ಗಾಡಿ ನೋಡಬೇಕಾದ ಗ್ಯಾರೇಜಿನವರಿಗೆ ಆ ಅರ್ಧ ದಿನ ಎಲ್ಲಿಂದ ಬರಬೇಕು, ಅವರನ್ನು ದೂರಿ ಪ್ರಯೋಜನವಿಲ್ಲ.

ಜಾಗ, ಕಾಲ, ಉಳಿದ ಕಾರುಗಳು

ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಇದಕ್ಕೆ ಆಗಿಬರುವುದಿಲ್ಲ. ಬಾಗಿಲು ಹಾಕಿ ಬೀಗ ಜಡಿಯಬಹುದಾದ, ಧೂಳು ಹಾರದ ಒಂದು ಮೂಲೆ ಬೇಕು. ವಾರಾಂತ್ಯದಲ್ಲಿ ಮಾತ್ರ ಮಾಡುವವರಿಗೆ ಎರಡು ಮೂರು ತಿಂಗಳು ಹಿಡಿಯುವುದು ಸಹಜ, ಹಾಗಾಗಿ ಮನೆಯಲ್ಲಿ ಇರುವುದು ಅದೊಂದೇ ಕಾರು ಎಂದಾದರೆ ಗ್ಯಾರೇಜಿಗೇ ಕೊಡಿ, ಜೊತೆಗೆ ನಿಂತು ಅಳತೆ ಕೇಳಿ. ಎಂಜಿನ್ ಬಿಚ್ಚಿ ಡಬ್ಬಗಳಲ್ಲಿ ತುಂಬಿಟ್ಟು ವರ್ಷಗಟ್ಟಲೆ ಹಾಗೇ ಬಿಟ್ಟ ಕಾರುಗಳನ್ನು ಕೊನೆಗೆ ಗುಜರಿಯವರೇ ಎತ್ತಿಕೊಂಡು ಹೋಗುವುದು. ಬಿಚ್ಚುವುದು ಒಂದು ಭಾನುವಾರದ ಉತ್ಸಾಹ, ಕಟ್ಟುವುದಕ್ಕೆ ಬೇರೆಯದೇ ಶಿಸ್ತು ಬೇಕು.

800 ಅಲ್ಲದೆ ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಇದ್ದವರಿಗೂ ಇದೇ ಕ್ರಮ. ಪದ್ಮಿನಿಯ 1,089 ಸಿಸಿ ಎಂಜಿನ್ ಮತ್ತು ಅಂಬಾಸಿಡರಿನ ಹಳೆಯ 1,489 ಸಿಸಿ ಎಂಜಿನ್ ಎರಡೂ ಸರಳವೇ, ಟೈಮಿಂಗ್ ಬೆಲ್ಟಿನ ಬದಲು ಚೈನು. ಆದರೆ ಭಾರ, ಅಂಬಾಸಿಡರಿಗಂತೂ ಚೈನ್ ಪುಲ್ಲಿ ಇಲ್ಲದೆ ಕೈ ಹಾಕಬಾರದು. ಇನ್ನೊಂದು ವಿಷಯ: ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ದ ಫೆಬ್ರುವರಿಯಲ್ಲಿ ನಿಂತುಹೋಯಿತು. ಅಂಬಾಸಿಡರಿನ ಬೀಡುಕಬ್ಬಿಣದ ಹೆಡ್ಡಿನಲ್ಲಿ ವಾಲ್ವ್ ಕೂರುವ ಜಾಗಕ್ಕೆ ಆ ಸೀಸವೇ ಕಾಪಾಗಿತ್ತು. ಹೆಡ್ ಹೇಗೂ ಹೊರಗಿರುವಾಗ ಗಟ್ಟಿ ಸೀಟ್ ರಿಂಗ್ ಕೂರಿಸಿಕೊಳ್ಳುವುದು ಜಾಣತನ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುವುದರಿಂದ ಯಾವ ಹಳೇ ಕಾರೇ ಆಗಲಿ, ಪೆಟ್ರೋಲ್ ಪೈಪುಗಳು, ಪಂಪಿನ ಡಯಾಫ್ರಂ, ಕಾರ್ಬೊರೇಟರಿನ ರಬ್ಬರುಗಳು ಇದೇ ಕೈಯಲ್ಲಿ ಬದಲಾಗಲಿ. ಡೀಸೆಲ್ ಎಂಜಿನ್ ಮೊದಲ ಪ್ರಯೋಗಕ್ಕೆ ಬೇಡ.

ಕಟ್ಟುವಾಗ

ಬಿಚ್ಚುವಾಗ ಹಾಕಿದ ಗುರುತು ಇಲ್ಲಿ ಕೆಲಸಕ್ಕೆ ಬರುತ್ತದೆ. ಕನೆಕ್ಟಿಂಗ್ ರಾಡಿನ ಕ್ಯಾಪು ತನ್ನ ರಾಡಿಗೇ, ತಾನಿದ್ದ ದಿಕ್ಕಿಗೇ ಹೋಗಬೇಕು. ಪಿಸ್ಟನ್ ತಲೆಯ ಬಾಣ ಪುಲ್ಲಿಯ ಕಡೆಗೆ. ರಿಂಗಿನ ಮೇಲೆ ಗುರುತಿರುವ ಮುಖ ಮೇಲಕ್ಕೆ, ರಿಂಗುಗಳ ಬಾಯಿ ಒಂದರ ಕೆಳಗೊಂದು ಬರದಂತೆ ಸುತ್ತ ಹಂಚಿ. ಹೊಸ ರಿಂಗನ್ನೂ ಹಾಕುವ ಮುನ್ನ ಅದರದೇ ಬೋರಿನಲ್ಲಿಟ್ಟು ಬಾಯಿ ಅಳೆಯಿರಿ. ಇಷ್ಟು ದೊಡ್ಡ ಬೋರಿಗೆ ಕಾಲು ಮಿಲಿಮೀಟರ್ ಆಸುಪಾಸು ಇರಬೇಕು. ತೀರಾ ಕಡಿಮೆ ಇದ್ದರೆ ಬಿಸಿಗೆ ಹಿಗ್ಗಿ ತುದಿಗೆ ತುದಿ ತಾಗಿ ಗೋಡೆ ಕೆರೆಯುತ್ತದೆ. ಬೇರಿಂಗಿನ ಸಂದಿ ನೋಡಲು ಪ್ಲಾಸ್ಟಿಗೇಜ್ ಅಂತ ಮೇಣದಂಥ ದಾರ ಸಿಗುತ್ತದೆ. ಶಾಫ್ಟಿನ ಮೇಲಿಟ್ಟು ಕ್ಯಾಪನ್ನು ಅಳತೆಗೆ ಬಿಗಿದು, ತಿರುಗಿಸದೆ ಬಿಚ್ಚಿ, ಚಪ್ಪಟೆಯಾದ ಅಗಲವನ್ನು ಅದರ ಪೊಟ್ಟಣದ ಮೇಲಿನ ಪಟ್ಟಿಗೆ ಹೋಲಿಸಬೇಕು. ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಎಷ್ಟು ಬಿಗಿ ಎನ್ನುವ ಅಂಕಿ ಸರ್ವಿಸ್ ಮ್ಯಾನ್ಯುಯಲಿನಿಂದಲೇ ಬರಲಿ, ವಿಡಿಯೊದ ಕಮೆಂಟಿನಿಂದ ಬೇಡ. ಟೈಮಿಂಗ್ ಬೆಲ್ಟು ಹೊಸದೇ ಇರಲಿ, ಗುರುತು ಕೂಡಿಸಿದ ಮೇಲೆ ಕ್ರ್ಯಾಂಕನ್ನು ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತು ಮತ್ತೆ ಕೂಡುತ್ತದೆಯೇ ನೋಡಿ. ತಿರುಗುವಾಗ ಎಲ್ಲಾದರೂ ತಡೆದರೆ ಬಲ ಹಾಕಬೇಡಿ, ಬಿಚ್ಚಿ.

ಸ್ಟಾರ್ಟ್ ಮಾಡುವ ಮೊದಲು ಪ್ಲಗ್ ಹಾಕದೆ, ಕಾಯಿಲ್ ಬಿಡಿಸಿ, ಆಯಿಲ್ ದೀಪ ಆರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಅಷ್ಟರಲ್ಲಿ ಆಯಿಲ್ ಬೇರಿಂಗುಗಳನ್ನು ತಲುಪಿರುತ್ತದೆ. ಎಂಜಿನ್ ಹಿಡಿದ ಮೇಲೆ ಅರ್ಧ ಗಂಟೆ ಐಡಲಿನಲ್ಲಿ ಬಿಟ್ಟು ಸುತ್ತ ನಿಂತು ನೋಡುವುದು ರೂಢಿ. ಹೊಸ ರಿಂಗಿಗೆ ಅದು ಒಳ್ಳೆಯದಲ್ಲ. ಗೋಡೆಗೆ ರಿಂಗ್ ಒತ್ತಿ ಕೂರಬೇಕಾದರೆ ಒಳಗೆ ಒತ್ತಡ ಬೇಕು, ಒತ್ತಡ ಬರಬೇಕಾದರೆ ಗಾಡಿ ಭಾರ ಎಳೆಯಬೇಕು. ನೀರು, ಆಯಿಲ್ ಸೋರಿಕೆ ಇಲ್ಲ ಅಂತ ಖಾತ್ರಿಯಾದ ಕೂಡಲೇ ರಸ್ತೆಗಿಳಿಸಿ, ಒಂದೇ ವೇಗದಲ್ಲಿ ಹೋಗದೆ ಏರಿಳಿಸುತ್ತಾ ಓಡಿಸಿ. ಮೊದಲ ಕೆಲವು ದಿನ ಸ್ವಲ್ಪ ಹೊಗೆ ಇದ್ದೇ ಇರುತ್ತದೆ, ಕಟ್ಟುವಾಗ ಸವರಿದ ಆಯಿಲ್ ಅದು. 500 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ತಣ್ಣಗಿರುವಾಗ ಟ್ಯಾಪೆಟ್ ಸಂದಿ ಮತ್ತೊಮ್ಮೆ ನೋಡಿ, 1,000 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಕಂಪ್ರೆಶನ್ ಅಳೆದು ಮೊದಲಿನ ಅಂಕಿಗಳ ಪಕ್ಕದಲ್ಲೇ ಬರೆದಿಡಿ. ಕಾರು ಮಾರುವ ದಿನ ಬಂದರೆ ಪಿಸ್ಟನ್ ಡಬ್ಬ, ಲೇತ್ ಅಂಗಡಿಯ ಬಿಲ್ಲುಗಳ ಜೊತೆಗೆ ಆ ಚೀಟಿಯನ್ನೂ ಕೊಡಿ, ಕೊಳ್ಳುವವನಿಗೆ 0.25 ಓವರ್‌ಸೈಜ್ ಆಗಿದೆ ಎನ್ನುವುದು ಕೆರೆದು ನೋಡದೇ ತಿಳಿಯುತ್ತದೆ.